ಮೈಕಮ್ಮ ಕಲಿತ ವಕಾರ

ಬಸ್ ನಿಲ್ದಾಣದಲ್ಲಿ ಅವಳ ಮುಖ ಕಂಡವರು ಕಡಿಮೆ, ದನಿ ಕೇಳದವರು ಇಲ್ಲವೇ ಇಲ್ಲ. ಹೆತ್ತವರು ಇಟ್ಟ ಹೆಸರು ಮನೆಯ ಹೊಸ್ತಿಲು ದಾಟದೆ ಉಳಿಯಿತು. ನಿಲ್ದಾಣದಲ್ಲಿ ಕಂಡಕ್ಟರರಿಗೆ, ಕಸ ಗುಡಿಸುವವರಿಗೆ, ಪೇಪರ್ ಮಾರುವವರಿಗೆ ಎಲ್ಲರಿಗೂ ಅವಳು ಮೈಕಮ್ಮ. ಸಿಟ್ಟು ಬಂದಾಗ ಗಂಡನೂ ಹಾಗೆಯೇ ಕರೆಯುತ್ತಿದ್ದ. ಸಿಟ್ಟು ಇಳಿದ ಮೇಲೂ ಅದೇ ಹೆಸರು ನಾಲಿಗೆಗೆ ಅಂಟಿಕೊಂಡಿತ್ತು.

ಟಿಕೆಟ್ ಕೌಂಟರಿನ ತಲೆಯ ಮೇಲೆ, ಕಬ್ಬಿಣದ ಮೆಟ್ಟಿಲು ಹತ್ತಿ ಹೋದರೆ ಅವಳ ಕೋಣೆ. ಒಂದು ಮೇಜು, ಒಂದು ಕುರ್ಚಿ, ಸ್ಪಂಜಿನ ಟೋಪಿ ಹಾಕಿಕೊಂಡ ಮೈಕು, ತಟ್ಟೆ ಮುಚ್ಚಿದ ಬಿಸಿನೀರಿನ ಲೋಟ. ಫ್ಯಾನಿನ ಸದ್ದು ಮೈಕಿಗೆ ಹೋಗುತ್ತದೆಂದು ಅದನ್ನು ಗೋಡೆಯ ಕಡೆಗೆ ತಿರುಗಿಸಿಟ್ಟಿದ್ದರಿಂದ ತಂಪೆಲ್ಲ ಗೋಡೆಯ ಪಾಲು. ಡೀಸೆಲ್ ಹೊಗೆ ಮೆತ್ತಿದ ಕಿಟಕಿಯ ಗಾಜಿನಲ್ಲಿ ಅಂಗೈಯಗಲ ಒರೆಸಿಕೊಂಡು, ಅದರಲ್ಲಿ ಬಸ್ಸುಗಳು ಬರುವುದನ್ನೂ ಹೋಗುವುದನ್ನೂ ನೋಡುತ್ತ ಅವಳು ಊರುಗಳ ಹೆಸರು ಕೂಗುತ್ತಿದ್ದಳು.

ಕೂಗುತ್ತಿದ್ದಳು ಎಂದರೆ ತಪ್ಪಾದೀತು. ಅವಳು ಹುಟ್ಟಿ ಬೆಳೆದದ್ದು ಹಿಟ್ಟಿನ ಗಿರಣಿಯ ಹಿಂದಿನ ಮನೆಯಲ್ಲಿ. ಬೆಳಗಾದರೆ ಬೆಲ್ಟಿನ ಪಟಪಟ, ಕಲ್ಲಿನ ಗುರುಗುರು. ಅಂಥ ಮನೆಯಲ್ಲಿ ಮಕ್ಕಳು ಒಂದೋ ಕಿರುಚುವುದನ್ನು ಕಲಿಯಬೇಕು, ಇಲ್ಲವೇ ಮಾತೇ ಬಿಡಬೇಕು. ಅವಳು ಎರಡೂ ಮಾಡಲಿಲ್ಲ. ದನಿ ಏರಿಸದೆ, ಒಂದೊಂದು ಅಕ್ಷರವನ್ನೂ ಸಿಪ್ಪೆ ಬಿಡಿಸಿದ ಹಾಗೆ ಬಿಡಿಸಿ ಹೇಳಿದರೆ ಎಂಥ ಸದ್ದಿನಲ್ಲೂ ಮಾತು ತೂರಿಕೊಂಡು ಹೋಗುತ್ತದೆಂದು ಚಿಕ್ಕಂದಿನಲ್ಲೇ ಕಂಡುಕೊಂಡಳು. ಅದೇ ಅವಳಿಗೆ ಕೆಲಸ ಕೊಡಿಸಿತು. ಮದುವೆಯನ್ನೂ ಅದೇ ಮಾಡಿಸಿತು: ನಿಲ್ದಾಣದ ಸ್ಪೀಕರು ರಿಪೇರಿ ಮಾಡಲು ಬಂದವನು, ಏಣಿಯ ಮೇಲೆ ನಿಂತು ಅವಳ ದನಿ ಕೇಳುತ್ತ ಕೇಳುತ್ತ, ಸರಿಯಿದ್ದ ಸ್ಪೀಕರುಗಳನ್ನೂ ಮತ್ತೆ ಮತ್ತೆ ರಿಪೇರಿ ಮಾಡತೊಡಗಿದ. ಮೇಲಧಿಕಾರಿಗೆ ಅನುಮಾನ ಬರುವಷ್ಟರಲ್ಲಿ ಮದುವೆ ಗೊತ್ತಾಗಿತ್ತು.

ಅವಳಿಗೆ ಒಂದೇ ಒಂದು ಹಮ್ಮು. ಊರಿನ ಹೆಸರನ್ನು ಆ ಊರಿನವರು ಹೇಗೆ ಹೇಳುತ್ತಾರೋ ಹಾಗೇ ಹೇಳಬೇಕು. ಹೊಸ ದಾರಿಗೆ ಬಸ್ಸು ಶುರುವಾದರೆ ಮೆಟ್ಟಿಲು ಇಳಿದು ಹೋಗಿ, ಸಾಲಿನಲ್ಲಿ ನಿಂತ ಯಾರನ್ನಾದರೂ, "ನಿಮ್ಮೂರನ್ನ ನೀವು ಹೇಗೆ ಕರೀತೀರಿ? ಒಂದ್ಸಲ ಹೇಳಿ," ಎಂದು ಕೇಳಿ, ಬಾಯಲ್ಲಿಟ್ಟುಕೊಂಡು ಮೇಲೆ ಬರುತ್ತಿದ್ದಳು. "ಹೆಸರು ಕೆಡಿಸಿದರೆ ಮುಖಕ್ಕೆ ಮಸಿ ಬಳಿದ ಹಾಗೆ," ಎನ್ನುವುದು ಅವಳ ಮಾತು.

ಈ ಹಮ್ಮಿಗೆ ಪೆಟ್ಟು ಬಿದ್ದದ್ದು ಬೆಟ್ಟದ ಮೇಲಿನ ಒಂದು ಪುಟ್ಟ ಊರಿಗೆ ಬಸ್ಸು ಬಿಟ್ಟಾಗ. ಆ ದಿನ ಅವಳಿಗೆ ನೆಗಡಿ, ಕೆಳಗೆ ಇಳಿಯಲಿಲ್ಲ. ಬಸ್ಸಿನ ಹಣೆಯ ಬೋರ್ಡಿನಲ್ಲಿ ಹೆಸರು ಸಾದಾ ವಕಾರದಿಂದ ಬರೆದಿತ್ತು. ವಕಾರದಲ್ಲಿ ಏನು ಮಹಾ? ಓದಿ ಹೇಳಿದಳು. ಐದನೇ ಅಂಕಣದಲ್ಲಿ ನಿಂತಿದ್ದ ಬೆಟ್ಟದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಗೊಳ್ಳೆಂದು ನಕ್ಕರು.

ಯಾರೋ ಏನೋ ಜೋಕು ಹೇಳಿರಬೇಕು ಅಂದುಕೊಂಡಳು. ಮಾರನೆಯ ದಿನವೂ ಹೇಳಿದಳು. ಮಾರನೆಯ ದಿನವೂ ನಕ್ಕರು. ಒಂದು ವಾರ ಕಳೆಯುವಷ್ಟರಲ್ಲಿ ಅವಳ ಘೋಷಣೆಯನ್ನು ಕೇಳಿ ನಗಲೆಂದೇ ಅವರು ಬಸ್ಸಿನೊಳಗೆ ಕೂರದೆ ಹೊರಗೆ ಕಾಯುತ್ತಿದ್ದರು. ಗಾಜಿನ ಒರೆಸಿದ ಜಾಗದಿಂದ ಇದನ್ನೆಲ್ಲ ನೋಡುತ್ತಿದ್ದ ಮೈಕಮ್ಮನಿಗೆ ಬಿಸಿನೀರೂ ಗಂಟಲಲ್ಲಿ ಇಳಿಯದಾಯಿತು.

ಆ ಬಸ್ಸಿನ ಡ್ರೈವರನನ್ನು ಕೇಳಿದರೆ, "ಅವರು ಬ್ರೇಕ್ ಹಾಕಿದ್ರೂ ನಗ್ತಾರೆ ಬಿಡಮ್ಮಾ," ಎಂದು ಕೈ ಝಾಡಿಸಿದ. ಅವಳು ಬಿಡುವವಳಲ್ಲ. ಒಂದು ಬೆಳಿಗ್ಗೆ ಕೆಳಗಿಳಿದು ಬಂದು, ಬೆಂಚಿನ ಮೇಲೆ ಒಬ್ಬಳೇ ಕೂತು ಚಹಾದಲ್ಲಿ ಬ್ರೆಡ್ಡು ಅದ್ದಿ ತಿನ್ನುತ್ತಿದ್ದ ಬೆಟ್ಟದ ಅಜ್ಜಿಯ ಪಕ್ಕ ಕುಳಿತಳು. ಅಜ್ಜಿಯ ಬಾಯಲ್ಲಿ ಮೇಲಿನ ಸಾಲಿನ ಒಂದು ಹಲ್ಲೂ ಇರಲಿಲ್ಲ. ನಿಲ್ದಾಣದ ಹಿಂದಿನ ಓಣಿಯಲ್ಲಿ ಹಲ್ಲಿನ ಸೆಟ್ಟು ಕಟ್ಟಿಸಿಕೊಳ್ಳಲು ವಾರಕ್ಕೊಮ್ಮೆ ಬೆಟ್ಟ ಇಳಿದು ಬರುತ್ತಿದ್ದಳು.

"ಅಜ್ಜಿ, ನಾನೇ ಮೈಕಲ್ಲಿ ಹೇಳೋಳು. ನಿಮ್ಮವರು ಯಾಕೆ ನಗ್ತಾರೆ, ಸತ್ಯ ಹೇಳಿ. ನಾನೇನೂ ಬೇಜಾರು ಮಾಡ್ಕೊಳಲ್ಲ."

ಅಜ್ಜಿ ಬ್ರೆಡ್ಡಿನ ಚೂರು ನುಂಗಿ, ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಬೇಜಾರು ಮಾಡ್ಕೊಳ್ತೀಯ."

"ಇಲ್ಲ."

"ನಮ್ಮ ಮಾತಲ್ಲಿ ನಮ್ಮೂರಿನ ಹೆಸರು ಅಂದ್ರೆ ನೀರಿನ ಒರತೆ. ನೀನು ಹೇಳೋದು ಅಂದ್ರೆ..." ಎಂದು ಅಜ್ಜಿ ತೋಳೆತ್ತಿ, ಇನ್ನೊಂದು ಕೈಯಿಂದ ಕಂಕುಳು ತೋರಿಸಿದಳು.

ಅಂದರೆ ಇಷ್ಟು ದಿನ, ಎಂಟು ಸ್ಪೀಕರುಗಳಲ್ಲಿ, ಒಂದೊಂದು ಅಕ್ಷರವನ್ನೂ ಬಿಡಿಸಿ ಬಿಡಿಸಿ, "ಕಂಕುಳಿಗೆ ಹೋಗುವ ಪ್ರಯಾಣಿಕರ ಗಮನಕ್ಕೆ, ಕಂಕುಳಿಗೆ ಹೋಗುವ ಬಸ್ಸು ಐದನೇ ಅಂಕಣದಲ್ಲಿ ನಿಂತಿದೆ," ಎಂದು ಅವಳು ಹೇಳಿದ್ದಳು! ಮೈಕಮ್ಮ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಬೆರಳ ಸಂದಿಯಿಂದ ಅಜ್ಜಿಯನ್ನು ನೋಡಿದಳು. ಅಜ್ಜಿಯ ಹೊಟ್ಟೆ ಕುಣಿಯುತ್ತಿತ್ತು. ಅದನ್ನು ಕಂಡು ಇವಳಿಗೂ ನಗು ತಡೆಯಲಾಗಲಿಲ್ಲ.

"ಸರಿಯಾಗಿ ಹೇಗೆ ಹೇಳಬೇಕು, ಹೇಳಿಕೊಡಿ."

"ಅಲ್ಲೇ ಇರೋದು ಕಷ್ಟ," ಎಂದಳು ಅಜ್ಜಿ. "ನನಗೇ ಬರಲ್ಲ. ಮೂರು ವರ್ಷ ಆಯ್ತು. ಆ ಅಕ್ಷರ ಹುಟ್ಟೋಕೆ ಹಲ್ಲು ಬೇಕು."

ಹಲ್ಲಿಲ್ಲದ ಗುರು, ಕಿವಿಯಿದ್ದ ಶಿಷ್ಯೆ, ಪಾಠ ಶುರುವಾಯಿತು. ಅಜ್ಜಿ ತನ್ನ ಎರಡು ಬೆರಳುಗಳನ್ನು ಮೇಲಿನ ಒಸಡಿಗೆ ಒತ್ತಿ ಹಿಡಿದು ಅವೇ ಹಲ್ಲೆಂದು ತೋರಿಸಿದಳು. ನಾವು ವಕಾರ ಹೇಳುವಾಗ ಕೆಳತುಟಿ ಮೇಲಿನ ಹಲ್ಲಿನ ಹತ್ತಿರ ಹೋಗಿ, ಬಂದ ನೆಂಟನ ಹಾಗೆ ಬಾಗಿಲಲ್ಲೇ ನಿಂತುಬಿಡುತ್ತದೆ. ಬೆಟ್ಟದವರ ವಕಾರಕ್ಕೆ ಅದು ಸಾಲದು. ಕೆಳತುಟಿಯನ್ನು ಒಳಕ್ಕೆ ಎಳೆದುಕೊಂಡು ಮೇಲಿನ ಹಲ್ಲುಗಳ ಹಿಂದೆ ಅಡಗಿಸಬೇಕು. ಆಮೇಲೆ ಒಮ್ಮೆಲೇ ಮುಂದಕ್ಕೆ ಬಿಡಬೇಕು. ಬರುವಾಗ ತುಟಿ ಹಲ್ಲಿನ ಅಂಚನ್ನು ಸವರಿ, ಛಟ್ಟನೆ ಚಿಮ್ಮಿ ಹೊರಗೆ ಬರಬೇಕು. ಅಷ್ಟು ಹೊತ್ತೂ ಗಂಟಲಲ್ಲಿ ದನಿ ಇರಬೇಕು. ದನಿ ನಿಂತರೆ ಬರೀ ಗುಳ್ಳೆ ಒಡೆದ ಸದ್ದು. ಇದೆಲ್ಲ ಕಣ್ಣು ಮಿಟುಕಿಸುವುದಕ್ಕಿಂತ ಬೇಗ ಮುಗಿಯಬೇಕು.

ಮೈಕಮ್ಮ ತುಟಿ ಎಳೆದುಕೊಂಡಳು, ಬಿಟ್ಟಳು. ಉಗುಳು ಹಾರಿ ಅಜ್ಜಿಯ ಚಹಾಕ್ಕೆ ಬಿತ್ತು.

"ಇದು ನಮ್ಮ ಮಾತಲ್ಲಿ ಏನೂ ಅಲ್ಲ," ಎಂದಳು ಅಜ್ಜಿ ಲೋಟವನ್ನು ದೂರ ಸರಿಸುತ್ತ. "ಕಂಕುಳಿಗಿಂತ ವಾಸಿ."

ಮನೆಯಲ್ಲಿ ಅಭ್ಯಾಸ ನಡೆಯಿತು. ಕನ್ನಡಿಯ ಮುಂದೆ ನಿಂತು ತುಟಿ ಚಿಮ್ಮಿಸುತ್ತಿದ್ದ ಸೊಸೆಯನ್ನು ಕಂಡ ಅತ್ತೆ ಹೌಹಾರಿ, ಮಗನನ್ನು ಪಕ್ಕಕ್ಕೆ ಕರೆದು, "ನೋಡೋ, ನಿನ್ನ ಹೆಂಡತಿ ಮೀನಿನ ಹಾಗೆ ಬಾಯಿ ಮಾಡ್ತಿದ್ದಾಳೆ. ಡಾಕ್ಟರ ಹತ್ರ ತೋರಿಸು," ಎಂದರು. ವಿಷಯ ತಿಳಿದ ಮೇಲೆ ಅವರದೇ ಬಾಯಿ ಸುಮ್ಮನಿರಲಿಲ್ಲ. ತರಕಾರಿ ಹೆಚ್ಚುತ್ತ ಗುಟ್ಟಾಗಿ ತಾವೂ ಪ್ರಯತ್ನಿಸಿ, ತುಟಿ ಕಚ್ಚಿಕೊಂಡು, ಊಟದ ಹೊತ್ತಿಗೆ ಖಾರ ತಗುಲಿ ಸಿಕ್ಕಿಬಿದ್ದರು.

ಗಂಡನಿಗೆ ಬೇರೆ ಚಿಂತೆ. "ನೀನು ಹೀಗೆ ಚಿಮ್ಮಿಸಿದ್ರೆ ಮೈಕಲ್ಲಿ ಪಟಾಕಿ ಹೊಡೆದ ಹಾಗೆ ಕೇಳುತ್ತೆ. ಸ್ಪೀಕರಿನ ಪರದೆ ಹರಿದ್ರೆ ಏಣಿ ಹತ್ತೋನು ನಾನು."

"ಮದುವೆಗೆ ಮುಂಚೆ ಸುಮ್ಸುಮ್ನೆ ಹತ್ತಿದ್ದೆಯಲ್ಲ, ಈಗ ಕೆಲಸ ಇದ್ರೆ ಹತ್ತು," ಎಂದಳು ಮೈಕಮ್ಮ.

ಅವನು ಗೊಣಗುತ್ತಲೇ ಹಳೆಯ ಸ್ಪಂಜು ತೆಗೆದು ದಪ್ಪನೆಯದು ಹಾಕಿಕೊಟ್ಟ. ಮೈಕಿಗೆ ಬಾಯಿ ನೇರವಾಗಿ ಇಡಬೇಡ, ಕೆನ್ನೆ ಕೊಟ್ಟು ಮಾತಾಡು ಎಂದೂ ತೋರಿಸಿಕೊಟ್ಟ. ಅವಳ ಕೆಳತುಟಿ ಒಡೆದು, ಬೆಣ್ಣೆ ಸವರಿಕೊಂಡು ಓಡಾಡುವಂತಾಯಿತು. ಪ್ರತಿ ವಾರ ಅಜ್ಜಿ ಬೆಂಚಿನ ಮೇಲೆ ಕೂತು, ಕಣ್ಣು ಮುಚ್ಚಿ ಕೇಳಿ, ತಲೆಯಾಡಿಸುವಳು: "ತುಟಿ ಒಳಗೆ ಹೋಗಿಲ್ಲ." "ಹೋಗಿದೆ, ಆದರೆ ನಿಧಾನವಾಗಿ ಬಂತು." "ಈಗ ಬಂತು, ಆದರೆ ದನಿ ಸತ್ತುಹೋಯ್ತು."

ಮೈಕಮ್ಮ ಕೆಲಸ ಬಿಡಿಬಿಡಿಯಾಗಿ ಮಾಡಿಕೊಂಡಳು. ಮೊದಲು ತುಟಿ ಅಡಗಿಸುವುದು, ಅದು ಕೈವಶವಾದ ಮೇಲೆ ದನಿ ಕೂಡಿಸುವುದು, ಕಡೆಗೆ ಚಿಮ್ಮಿಸುವುದು. ಒಂದು ದಿನ ಪಾತ್ರೆ ತೊಳೆಯುತ್ತ ಏನೋ ಯೋಚನೆಯಲ್ಲಿದ್ದಾಗ, ಕರೆಯದೆಯೇ ಆ ಅಕ್ಷರ ತುಟಿಯಿಂದ ತಾನಾಗಿ ಜಿಗಿಯಿತು. ಗಟ್ಟಿಯಲ್ಲ, ಮೆತ್ತಗಲ್ಲ. ಕೆರೆಯ ನೀರಿಂದ ಮೀನು ಎದ್ದು ಬಿದ್ದಷ್ಟು ಹೊತ್ತು. ಅವಳು ಸೋಪಿನ ಕೈಯಲ್ಲೇ ನಿಂತು ಮತ್ತೆ ಹೇಳಿದಳು. ಮತ್ತೆ ಬಂತು.

ಮಾರನೆಯ ಬೆಳಿಗ್ಗೆ ಬೆಟ್ಟದ ಬಸ್ಸು ಬಂದು ನಿಂತಾಗ ಮೈಕಿನ ಗುಂಡಿ ಒತ್ತುವ ಅವಳ ಬೆರಳು ಹೊಸಬಳ ಬೆರಳಿನ ಹಾಗೆ ಬೆವೆತಿತ್ತು. ಕೆಳಗೆ ಬೆಟ್ಟದವರು ನಗಲು ತಯಾರಾಗಿ ನಿಂತಿದ್ದರು. ಅವಳು ಕೆನ್ನೆ ಕೊಟ್ಟು, ಉಸಿರೆಳೆದು ಹೆಸರು ಹೇಳಿದಳು.

ನಗು ಬರಲಿಲ್ಲ. ಸಾಲಿಗೆ ಸಾಲೇ ಸ್ಪೀಕರಿನ ಕಡೆ ತಿರುಗಿತು. ಬುಟ್ಟಿ ಎತ್ತಿಕೊಂಡವರು ಎತ್ತಿದಂತೆಯೇ ನಿಂತರು. ಯಾರೋ ಒಬ್ಬರು ಮೇಲಿನ ಕಿಟಕಿಗೆ ಕೈ ಬೀಸಿದರು. ಅಜ್ಜಿ ಮಾತ್ರ ಕೈ ಬೀಸಲಿಲ್ಲ. ಬೆಂಚಿನಿಂದ ಎದ್ದು, ಮಂಡಿ ನೋವನ್ನು ಬೈದುಕೊಳ್ಳುತ್ತ ಆ ಕಬ್ಬಿಣದ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತಳು.

"ಒಳಗೆ ಬರೋ ಹಾಗಿಲ್ಲ ಅಜ್ಜಿ, ಬೈತಾರೆ," ಎಂದಳು ಮೈಕಮ್ಮ.

"ನಾನು ಒಳಗೆಲ್ಲಿ ಬಂದೆ? ಬಾಗಿಲಲ್ಲೇ ಇದೀನಿ. ಇನ್ನೊಂದ್ಸಲ ಹೇಳು." ಮೈಕಮ್ಮ ಹೇಳಿದಳು. ಅಜ್ಜಿ ಕಣ್ಣೊರೆಸಿಕೊಂಡು, "ಈಗ ನನ್ನ ಕೆಲಸ ಇದೆ ನಿನ್ನಿಂದ. ಊಟದ ಬಿಡುವಲ್ಲಿ ನನ್ನ ಜೊತೆ ಹಲ್ಲಣ್ಣನ ಹತ್ರ ಬಾ," ಎಂದಳು.

ಹಲ್ಲಣ್ಣ ಎಂದರೆ ಓಣಿಯಲ್ಲಿ ಹಲ್ಲಿನ ಸೆಟ್ಟು ಕಟ್ಟುವವನು. ದುಂಡಗಿನ ಮನುಷ್ಯ, ಸದಾ ನಗುಮುಖ. ತನ್ನ ಹಲ್ಲೇ ತನ್ನ ಅಂಗಡಿಯ ಬೋರ್ಡು ಎನ್ನುವವನು. ಅವನ ಕೋಣೆಯ ತುಂಬ ಗಾರೆಯ ಅಚ್ಚುಗಳು, ಸಣ್ಣ ಉರಿಯ ದೀಪ, ಗುಲಾಬಿ ಬಣ್ಣದ ಮೇಣ, ಡಬ್ಬಿಗಳಲ್ಲಿ ಸಾಲು ಸಾಲು ಹಲ್ಲು. ಗಟ್ಟಿ ಸೆಟ್ಟು ಮಾಡುವ ಮುಂಚೆ ಹಲ್ಲುಗಳನ್ನು ಮೇಣದಲ್ಲಿ ನೆಟ್ಟು, ಬಾಯಿಗೆ ಇಟ್ಟು, ಮಾತಾಡಿಸಿ ನೋಡುವುದು ಅವನ ಕ್ರಮ. ಹಿಂದಿನ ವಾರ ಅಜ್ಜಿಗೂ ಇಟ್ಟಿದ್ದ. "ಫ ಹೇಳಿ, ವ ಹೇಳಿ, ಸ ಹೇಳಿ" ಎಂದಿದ್ದಕ್ಕೆಲ್ಲ ಅಜ್ಜಿ ಚೆಂದವಾಗಿ ಹೇಳಿದ್ದಳು. "ಆಯ್ತಲ್ಲ!" ಎಂದು ಅವನು ಕೈ ಒರೆಸಿಕೊಳ್ಳುವಷ್ಟರಲ್ಲಿ ಅಜ್ಜಿ ತನ್ನ ವಕಾರ ಹೇಳಲು ಹೋಗಿದ್ದಳು. ಹಲ್ಲಿನ ಹಿಂದೆ ಅಡಗಿದ ತುಟಿ ಮುಂದಕ್ಕೆ ಚಿಮ್ಮಿದಾಗ ಸೆಟ್ಟನ್ನೂ ಜೊತೆಗೆ ಕರೆದುಕೊಂಡೇ ಬಂದಿತ್ತು. ಅದು ಮೇಜು ಹಾರಿ ಹಲ್ಲಣ್ಣನ ಜೇಬಿನ ಹತ್ತಿರ ಬಡಿದಿತ್ತು.

"ಏನಮ್ಮಾ ಮಾಡೋದು?" ಎಂದು ಅವನು ಈಗ ಮೈಕಮ್ಮನ ಮುಂದೆ ಅಲವತ್ತುಕೊಂಡ. "ಬಸ್ಸಿಗೆ ಕಾಯೋ ಬೆಟ್ಟದವರನ್ನ ಕರೆದು ಹೇಳಿಸಿ ನೋಡಿದೆ. ಅವರ ತುಟಿ ಎಲ್ಲಿ ಹೋಯ್ತು, ಎಲ್ಲಿ ಬಂತು ಅಂತ ಕಣ್ಣಿಗೇ ಸಿಗಲ್ಲ. ನಿಧಾನವಾಗಿ ಹೇಳಿ ಅಂದ್ರೆ ಅವರಿಗೆ ಬರಲ್ಲ. ನಡೆಯೋರಿಗೆ, ಯಾವ ಕಾಲು ಯಾವಾಗ ಎತ್ತುತ್ತೀಯ ಅಂತ ಕೇಳಿದ ಹಾಗೆ, ಅಲ್ಲೇ ಎಡವಿ ನಿಂತುಬಿಡ್ತಾರೆ. ಆಗದಿದ್ರೆ ಬೇಡ ಬಿಡಿ ಅಜ್ಜಿ, ಊಟಕ್ಕಂತೂ ಸೆಟ್ಟು ಚೆನ್ನಾಗಿದೆ. ಕಡಲೆ ಇದ್ದಾಗ ಹಲ್ಲಿಲ್ಲ, ಹಲ್ಲಿದ್ದಾಗ ಕಡಲೆ ಇಲ್ಲ ಅಂತಾರೆ, ನಿಮಗೆ ಎರಡೂ ಸಿಕ್ತು ಅಂದ್ರೂ ಕೇಳ್ತಿಲ್ಲ."

"ಕಡಲೆ ಯಾರಿಗೆ ಬೇಕು?" ಎಂದಳು ಅಜ್ಜಿ. "ನನಗೆ ಹಲ್ಲು ಬೇಕಾಗಿರೋದು ಜಗಳಕ್ಕೆ."

ಇಬ್ಬರೂ ಅವಳ ಮುಖ ನೋಡಿದರು.

"ನನ್ನ ವಾರಗಿತ್ತಿ ಇದ್ದಾಳೆ, ಎದುರು ಮನೆ. ನಲವತ್ತು ವರ್ಷದಿಂದ ದಿನಾ ಬೆಳಿಗ್ಗೆ ಅವಳೊಂದು ಮಾತು, ನಾನೊಂದು ಮಾತು. ಒಂದು ದಿನ ಅವಳು ಗೆದ್ರೆ ಒಂದು ದಿನ ನಾನು. ನಮ್ಮ ಮಾತಲ್ಲಿ ಒಳ್ಳೇ ಬೈಗುಳ ಎಲ್ಲಾ ಆ ಅಕ್ಷರದಿಂದಲೇ ಶುರು. ಹಲ್ಲು ಹೋದ ಮೇಲೆ ನಾನು ಬೈದ್ರೆ ಹರಸಿದ ಹಾಗೆ ಕೇಳುತ್ತೆ. ಮೂರು ವರ್ಷದಿಂದ ಬರೀ ಸೋಲು. ಈಗೀಗ ಅವಳು ಬಾಗಿಲಿಗೂ ಬರಲ್ಲ. ಪಾಪ ಅಂತ ಬಿಟ್ಟಿದ್ದಾಳೆ. ಪಾಪ ಅಂತೆ! ನನ್ನನ್ನ!"

ಹಲ್ಲಣ್ಣನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮೈಕಮ್ಮ ಮಾತ್ರ ಕುರ್ಚಿ ಎಳೆದುಕೊಂಡು, ಬೆಳಕಿಗೆ ಪಕ್ಕ ಮಾಡಿ ಕುಳಿತಳು. "ಅಣ್ಣಾ, ನಾನು ಇದನ್ನ ಬಿಡಿಬಿಡಿಯಾಗಿ ಕಲಿತೋಳು. ಎಷ್ಟು ನಿಧಾನ ಬೇಕೋ ಅಷ್ಟು ನಿಧಾನ ತೋರಿಸ್ತೀನಿ. ನೋಡ್ಕೊಳ್ಳಿ."

ಅವಳು ತುಟಿ ಅಡಗಿಸಿದಳು, ಅಲ್ಲೇ ನಿಲ್ಲಿಸಿದಳು. ಹಲ್ಲಣ್ಣ ಟಾರ್ಚು ಹಿಡಿದು ಬಾಗಿ ನೋಡಿದ. "ಓಹೋ, ಇಷ್ಟು ಒಳಗೆ ಹೋಗುತ್ತಾ!" ಅವಳು ಮೆಲ್ಲನೆ ಬಿಟ್ಟಳು, ತುಟಿ ಹಲ್ಲಿನ ಒಳಮೈಯನ್ನು ಸವರುತ್ತ ಜಾರಿ ಬಂದು, ಅಂಚಿನಲ್ಲಿ ಸಿಕ್ಕಿ, ಕಳಚಿಕೊಂಡಿತು. "ಅಂಚು! ಅಂಚಿನಲ್ಲಿ ಸಿಕ್ಕಿಕೊಳ್ಳುತ್ತೆ! ನಾನು ಚೆಂದ ಕಾಣಲಿ ಅಂತ ಉದ್ದ ಇಟ್ಟಿದ್ದೀನಿ, ಕೊಕ್ಕೆ ಹಾಕಿದ ಹಾಗೆ ಸೆಟ್ಟನ್ನೇ ಎಳೀತಿದೆ." ಅವನು ದೀಪದಲ್ಲಿ ಚಾಕು ಬಿಸಿ ಮಾಡಿ, ಮೇಣ ಸಡಿಲಿಸಿ, ಮುಂದಿನ ಹಲ್ಲುಗಳನ್ನು ಕೂದಲೆಳೆಯಷ್ಟು ಮೇಲೆತ್ತಿದ. ಒಳ ಅಂಚನ್ನು ಉಜ್ಜಿ ದುಂಡಗೆ ಮಾಡಿದ. ಅಂಗುಳಿನ ಹಿಂಭಾಗದಲ್ಲಿ ಹಿಡಿತ ಬಿಗಿ ಮಾಡಿದ. ಇಟ್ಟರು, ಹಾರಿತು. ಹಲ್ಲಣ್ಣ ಈ ಸಲ ಕೈಯೊಡ್ಡಿ ಹಿಡಿದ. ಮತ್ತೆ ಮೈಕಮ್ಮ ತೋರಿಸಿದಳು, ಮತ್ತೆ ಅವನು ತಿದ್ದಿದ. ಊಟದ ಬಿಡುವು ಮುಗಿದು, ನಿಲ್ದಾಣದಲ್ಲಿ ಬಸ್ಸುಗಳು ಹೆಸರಿಲ್ಲದೆ ಹೊರಟು, ಮೇಲಧಿಕಾರಿ ಓಣಿಯವರೆಗೂ ಹುಡುಕಿಕೊಂಡು ಬಂದರು. "ಏನಮ್ಮಾ ಇದು?" ಎಂದು ಶುರುಮಾಡಿದವರು, ಅಜ್ಜಿಯ ಕಥೆ ಕೇಳಿ, ತಾವೂ ಒಂದು ಸ್ಟೂಲು ಎಳೆದುಕೊಂಡು ಕೂತುಬಿಟ್ಟರು. ಅವರಿಗೂ ಮನೆಯಲ್ಲಿ ಅಜ್ಜಿ ಇದ್ದರಂತೆ.

ಕೊನೆಗೊಮ್ಮೆ ಅಜ್ಜಿ ತುಟಿ ಒಳಗೆಳೆದುಕೊಂಡು ಬಿಟ್ಟಳು. ಸೆಟ್ಟು ಜಾಗದಲ್ಲೇ ಇತ್ತು. ಅಕ್ಷರ ಮಾತ್ರ ಹೊರಗೆ ಬಂದಿತ್ತು.

ಅಜ್ಜಿ ಮೊದಲು ತನ್ನೂರಿನ ಹೆಸರು ಹೇಳಿದಳು. ಆಮೇಲೆ ತನ್ನ ಹೆಸರು. ಅದರ ನಡುವೆಯೂ ಆ ಅಕ್ಷರ ಇತ್ತೆಂದು ಎಲ್ಲರಿಗೂ ಆಗಲೇ ಗೊತ್ತಾದದ್ದು. ಆಮೇಲೆ ಉಸಿರೆಳೆದುಕೊಂಡು ಸರಮಾಲೆ ಸರಮಾಲೆಯಾಗಿ ಇನ್ನೇನೋ ಹೇಳತೊಡಗಿದಳು. ಯಾರಿಗೂ ಅರ್ಥವಾಗಲಿಲ್ಲ, ಅರ್ಥ ಕೇಳುವ ಧೈರ್ಯವೂ ಯಾರಿಗೂ ಬರಲಿಲ್ಲ. ಮೇಲಧಿಕಾರಿ ಮೆಲ್ಲಗೆ ಸ್ಟೂಲನ್ನು ಹಿಂದಕ್ಕೆ ಸರಿಸಿಕೊಂಡರು.

ಗಟ್ಟಿ ಸೆಟ್ಟು ತಯಾರಾಗಿ ಅಜ್ಜಿ ಬಾಯಲ್ಲಿಟ್ಟುಕೊಂಡು ಹೋದ ಮೇಲಿನ ರಜೆಯ ದಿನ, ಮೈಕಮ್ಮ ಗಂಡನನ್ನೂ ಅತ್ತೆಯನ್ನೂ ಕರೆದುಕೊಂಡು ಬೆಟ್ಟ ಹತ್ತಿದಳು. ಅಷ್ಟು ವರ್ಷ ಸಾವಿರ ಬಸ್ಸು ಕಳಿಸಿದವಳು ತಾನು ಬಸ್ಸು ಹತ್ತಿದ್ದು ಕಡಿಮೆ. ತಿರುವಿನಲ್ಲೆಲ್ಲ ಅತ್ತೆ ಸೀಟಿನ ಸರಳು ಬಿಗಿಯಾಗಿ ಹಿಡಿದು, "ನಿನ್ನ ಒಂದು ಅಕ್ಷರಕ್ಕೆ ನನ್ನ ಪ್ರಾಣ ಕೊಡಬೇಕಾಯ್ತು," ಎನ್ನುತ್ತಿದ್ದರು.

ಊರೆಂದರೆ ಒಂದು ಇಳಿಜಾರು ಓಣಿ, ಎರಡೂ ಕಡೆ ಕಲ್ಲಿನ ಮನೆಗಳು. ಎದುರುಬದುರು ಎರಡು ಬಾಗಿಲು. ಒಂದರಲ್ಲಿ ಅಜ್ಜಿ, ಇನ್ನೊಂದರಲ್ಲಿ ಶಾಲು ಹೊದ್ದ, ಕಡ್ಡಿಯಂಥ ಇನ್ನೊಬ್ಬ ಮುದುಕಿ. ನೆಂಟರು ಬಂದದ್ದನ್ನು ಕಂಡ ಅಜ್ಜಿ ಕೈಯಿಂದಲೇ ಕೂರಿ ಎಂದು ಸನ್ನೆ ಮಾಡಿದಳು. ಬಾಯಿಗೆ ಪುರುಸೊತ್ತಿರಲಿಲ್ಲ. ಒಂದೊಂದು ಮಾತೂ ಛಟ್ಟೆಂದು ಚಿಮ್ಮಿ ಓಣಿ ದಾಟುತ್ತಿತ್ತು. ಆ ಕಡೆಯಿಂದಲೂ ಅಷ್ಟೇ ಬಿಸಿಯಾಗಿ ಬರುತ್ತಿತ್ತು. ನೆರೆಯವರು ಕಿಟಕಿ ತೆರೆದು, ಮೊಣಕೈಯೂರಿ, ಬಹಳ ದಿನಕ್ಕೆ ಮಳೆ ಕಂಡವರ ಹಾಗೆ ನೋಡುತ್ತಿದ್ದರು.

ಒಂದು ಬಿಡುವಿನಲ್ಲಿ ವಾರಗಿತ್ತಿ ಓಣಿ ದಾಟಿ ಬಂದು ಮೈಕಮ್ಮನ ಮುಂದೆ ನಿಂತಳು. "ಇವಳಿಗೆ ಹಲ್ಲು ಕಟ್ಟಿಸಿದ್ದು ನೀನೇನಾ?"

ಮೈಕಮ್ಮ ಒಂದು ಹೆಜ್ಜೆ ಹಿಂದೆ ಸರಿದಳು. "ಕಟ್ಟಿದ್ದು ಹಲ್ಲಣ್ಣ. ನಾನು ಬರೀ ತುಟಿ ತೋರಿಸಿದೆ."

ಮುದುಕಿ ಅವಳ ಎರಡೂ ಕೈ ಹಿಡಿದುಕೊಂಡು ಕಣ್ಣಿಗೊತ್ತಿಕೊಂಡಳು. "ಈ ಮೂರು ವರ್ಷ ನನಗೆ ಬೆಳಗೇ ಆಗಿರಲಿಲ್ಲ ಮಗಳೇ," ಎಂದು ಪಿಸುಗುಟ್ಟಿ, ಅಜ್ಜಿಗೆ ಕೇಳಿಸೀತೆಂದು ಬೇಗ ಬೇಗ ಹೋಗಿ ತನ್ನ ಬಾಗಿಲಲ್ಲಿ ನಿಂತಳು. ಕಣ್ಣೊರೆಸಿಕೊಂಡ ಶಾಲಿನ ತುದಿಯನ್ನು ಸೊಂಟಕ್ಕೆ ಸಿಕ್ಕಿಸಿ, ಮೊದಲಿಗಿಂತ ಜೋರಾಗಿ ಶುರುಮಾಡಿದಳು.

ಬಸ್ಸು ಹೊರಡುವ ಹೊತ್ತಾಗಿ ಡ್ರೈವರು ಹಾರ್ನು ಹೊಡೆದ. ಮೈಕಮ್ಮ ಎದ್ದು, "ಬರ್ತೀವಿ ಅಜ್ಜಿ," ಎಂದಳು. ಇಬ್ಬರು ಮುದುಕಿಯರೂ ಒಬ್ಬರ ಮೇಲಿಂದ ಒಬ್ಬರು ಕಣ್ಣು ತೆಗೆಯದೆ, ಬಾಯಿಯನ್ನೂ ನಿಲ್ಲಿಸದೆ, ಕೈಯೆತ್ತಿ ಬೀಸಿದರು.